ಗುಡ್ಡದಲ್ಲಿ ಗರಸಿನ ಹೊಂಡ

ಊರ ಮೇಲಿನ ಗುಡ್ಡಕ್ಕೆ ಜೆಸಿಬಿ ಬಂದು ನಿಂತಿದೆ. ರಸ್ತೆ ಕೆಲಸಕ್ಕೆ ಗರಸು ಬೇಕಂತೆ. ಕೆಲವರು ಬೇಡ ಅಂತಾರೆ. ಕೆಲವರು, "ರಸ್ತೆ ಬೇಕು, ಗರಸು ಬೇಡ ಅಂದ್ರೆ ಹೇಗೆ?" ಎಂದು ಕೇಳ್ತಾರೆ. ಅದೂ ನ್ಯಾಯವಾದ ಮಾತೇ. ನಮ್ಮ ಮನೆ ಗೋಡೆಯ ಚಿರೆಕಲ್ಲೂ ಯಾವುದೋ ಗುಡ್ಡದಿಂದ ಬಂದದ್ದಲ್ಲವೆ? ಹಾಗಾದರೆ ಕೇಳಬೇಕಾದ್ದು ಬೇರೆ. ಈ ಗುಡ್ಡದಲ್ಲೇ ಯಾಕೆ ತೆಗೆಯಬೇಕು? ಎಷ್ಟು ಆಳ ತೆಗೀತಾರೆ?

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ತೋಟ ಇರುವುದು ಕಣಿವೆಯಲ್ಲಿ. ಮೇಲೆ ಬೆಟ್ಟ. ಬೆಟ್ಟದ ಮಣ್ಣು ಮತ್ತು ಮುರಕಲ್ಲಿನಲ್ಲಿ ಸಣ್ಣ ಸಣ್ಣ ತೂತುಗಳಿವೆ. ಮಳೆಗಾಲದ ನೀರು ಅದರೊಳಗೆ ಇಳಿಯುತ್ತದೆ. ಆಮೇಲೆ ನಿಧಾನವಾಗಿ ಕೆಳಗೆ ಒಸರುತ್ತದೆ. ದಂಬೆಯಲ್ಲಿ ಅಂಗಳಕ್ಕೆ ಬರುವ ಅಬ್ಬಿ ನೀರು ಅದೇ. ತೋಟದ ಬಾವಿಯ ನೀರೂ ಅದೇ. ಗುಡ್ಡವನ್ನು ಆಳಕ್ಕೆ ಕಡಿದರೆ ನೀರಿನ ದಾರಿ ಕಡಿದ ಹಾಗೆ. ಮಳೆಗೆ ಸಡಿಲ ಮಣ್ಣು ಇಳಿದು ಗದ್ದೆ ತೋಟ ಸೇರುತ್ತದೆ.

ಇನ್ನೂ ಒಂದು ಭಯ ಇದೆ. 2021ರ ಜುಲೈನಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಭಾರೀ ಮಳೆಗೆ ಗುಡ್ಡ ಕುಸಿಯಿತು. ಮನೆ, ತೋಟ ಹಾಳಾದವು. ಮಳೆಯೇ ಇಷ್ಟು ಮಾಡುವ ಊರಿನಲ್ಲಿ ಗುಡ್ಡದ ಬುಡ ಅಗೆಯುವ ಮುಂಚೆ ಹತ್ತು ಸಲ ಯೋಚಿಸಬೇಕು.

ಬೇಡ ಎಂದು ಹೇಳುವುದು ಈ ಸೀಮೆಗೆ ಹೊಸತಲ್ಲ. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲೂಕಿನ ಸಾಲ್ಕಣಿಯ ಜನ ಮರಗಳನ್ನು ಅಪ್ಪಿಕೊಂಡು ಮರ ಕಡಿತ ತಡೆದರು. ಅದೇ ಅಪ್ಪಿಕೋ ಚಳುವಳಿ. ಅದಕ್ಕೂ ಮುಂಚೆ ಬೇಡ್ತಿ ಹೊಳೆಗೆ ಅಣೆಕಟ್ಟು ಕಟ್ಟಲು ಸರಕಾರ ಹೊರಟಿತ್ತು. ಆಗ ಇಲ್ಲಿನ ಜನ ಬರೀ ಕೂಗಲಿಲ್ಲ. ಶಿರಸಿಯ ತೋಟಗಾರ್ಸ್ ಸೊಸೈಟಿ ತಿಳಿದವರನ್ನು ಕರೆಸಿತು. 1981ರಲ್ಲಿ ಶಿರಸಿಯಲ್ಲೇ ಅವರೆಲ್ಲ ಕೂತು ಚರ್ಚೆ ಮಾಡಿದರು. ಲಾಭ ಎಷ್ಟು, ತೋಟ ಕಾಡು ಹೋಗುವುದು ಎಷ್ಟು ಎಂದು ಲೆಕ್ಕ ತೆಗೆದರು. ಆ ಯೋಜನೆ ನಿಂತಿತು.

ಗರಸಿನ ಹೊಂಡಕ್ಕೂ ಲೆಕ್ಕವೇ ಬೇಕು. ಮೊದಲು ಜಾಗದ ಸರ್ವೆ ನಂಬರ್ ತಿಳಿದುಕೊಳ್ಳಿ. ಪಹಣಿ ತೆಗೆಸಿ ಓದಿ. ಜಾಗ ಯಾರದ್ದು? ಅರಣ್ಯವಾದರೆ 1980ರ ಅರಣ್ಯ ಕಾಯ್ದೆ ಅಡ್ಡ ಬರುತ್ತದೆ. ಕೇಂದ್ರ ಸರಕಾರದ ಒಪ್ಪಿಗೆ ಇಲ್ಲದೆ ಗಣಿಗೆ ಕೊಡುವ ಹಾಗಿಲ್ಲ. ಸ್ವಂತ ಜಮೀನಾದರೂ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಅನುಮತಿ ಕೇಳಿ ನೋಡಿ. 5 ಹೆಕ್ಟೇರ್, ಅಂದರೆ ಸುಮಾರು 12 ಎಕರೆಗಿಂತ ಚಿಕ್ಕ ಕ್ವಾರಿ ಗುತ್ತಿಗೆಗೂ ಪರಿಸರ ಅನುಮತಿ ಬೇಕೆಂದು 2012ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಕಾಗದ ತೋರಿಸದಿದ್ದರೆ? 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. 10 ರೂಪಾಯಿ ಕಟ್ಟಿ ಅರ್ಜಿ ಕೊಡಿ. 30 ದಿನದೊಳಗೆ ಉತ್ತರ ಕೊಡಬೇಕು.

ತಕರಾರನ್ನು ಗ್ರಾಮಸಭೆಯಲ್ಲಿ ಹೇಳಿ, ನಡಾವಳಿ ಪುಸ್ತಕದಲ್ಲಿ ಬರೆಸಿ. ನೀರು ಹೊರುವ ಹೆಂಗಸರು ಮುಂದೆ ಕೂತು ಮಾತಾಡಲಿ. ಯಾವ ಅಬ್ಬಿ ಯಾವ ತಿಂಗಳಿಗೆ ಬತ್ತುತ್ತದೆ ಎಂದು ಅವರಿಗೇ ಹೆಚ್ಚು ಗೊತ್ತು. "ನಮಗೆ ತೊಂದರೆ ಆಗ್ತದೆ" ಅಂತ ಮಾತ್ರ ಬರೆದರೆ ಸಾಲದು. ಹೊಂಡದಿಂದ ಬಾವಿಗೆ ಎಷ್ಟು ಮಾರು, ಶಾಲೆಗೆ ಎಷ್ಟು ದೂರ, ಕೆಳಗೆ ಎಷ್ಟು ಮನೆ ಇವೆ ಎಂದು ಬರೆಯಿರಿ. ಓದಿ ನೋಡಿಯೇ ಸಹಿ ಹಾಕಿ. ತಹಶೀಲ್ದಾರರಿಗೂ ಜಿಲ್ಲಾಧಿಕಾರಿಗೂ ಒಂದೊಂದು ಪ್ರತಿ ಕೊಡಿ. ನಿಮ್ಮ ಹತ್ತಿರ ಉಳಿಯುವ ಪ್ರತಿಯ ಮೇಲೆ ಕಚೇರಿಯ ಸೀಲು, ತಾರೀಕು ಹಾಕಿಸಿಕೊಂಡೇ ಬನ್ನಿ.