ತಾಯಿಯ ಮಾತು ಉಳಿಸಿದ ಮಧ್ಯಾಹ್ನ

ಬೈಲಹೊಂಗಲ, ಸವದತ್ತಿ, ರಾಮದುರ್ಗದ ಕಡೆ ಜಾತ್ರೆಯ ಕುಸ್ತಿ ನೋಡುತ್ತ ಬೆಳೆದವರಿಗೆ ಒಂದು ಬಗೆಯ ಪೈಲ್ವಾನ ಗೊತ್ತಿರುತ್ತಾನೆ. ಆಳೆತ್ತರದ ಹುಡುಗ, ಅಗಲವಾದ ಎದೆ, ಚುರುಕಾದ ಕಾಲು. ಗರಡಿಮನೆಯ ಮಣ್ಣಿನಲ್ಲಿ ಅವನ ಎದುರು ನಿಲ್ಲುವವರಿಲ್ಲ. ಆದರೆ ಹಲಗೆ ಬಾರಿಸಿ, ಊರೆಲ್ಲ ಸುತ್ತ ಕೂತು, ದೊಡ್ಡ ಜೋಡಿ ಹಚ್ಚಿದ ದಿನ ಅರ್ಧಕ್ಕೇ ಉಸಿರು ಬಿಟ್ಟು ಚಿತ್ ಆಗುತ್ತಾನೆ. “ಮೈಯಾಗ ಐತಿ, ಮನಸಿನ್ಯಾಗ ಇಲ್ಲೋ ತಮ್ಮಾ” ಅನ್ನುತ್ತಾರೆ ವಸ್ತಾದರು. ಅಕ್ಟೋಬರಿನ ಕಿತ್ತೂರು ಉತ್ಸವದ ಕುಸ್ತಿ ಕಣದಲ್ಲಿ ನಿಂತಾಗಲೆಲ್ಲ ನನ್ನ ಕಣ್ಣು ಇಂಥ ಹುಡುಗರನ್ನೇ ಹುಡುಕುತ್ತದೆ. ಗೆದ್ದು ಬೆಳ್ಳಿ ಖಡೆ ತೊಟ್ಟವನನ್ನು ಎಲ್ಲರೂ ಹೊತ್ತು ಕುಣಿಯುತ್ತಾರೆ. ಈ ಹುಡುಗ ಮೈಗೆ ಮೆತ್ತಿದ ಮಣ್ಣು ಕೊಡವಿಕೊಳ್ಳುತ್ತ ಒಬ್ಬನೇ ನಡೆದುಹೋಗುತ್ತಾನೆ.

ಅಂಥವನೊಬ್ಬನ ಮೈ ಮತ್ತು ಮನಸ್ಸು ಒಂದೇ ಒಂದು ದಿನ ಕೂಡಿಬಂದರೆ ಏನಾಗುತ್ತದೆ ಎಂಬುದನ್ನು ನಾನು ಕಂಡದ್ದು ಮಾತ್ರ ಕುಸ್ತಿಯಲ್ಲಲ್ಲ, ಬಾಕ್ಸಿಂಗ್‌ನಲ್ಲಿ. 1990ರ ಫೆಬ್ರುವರಿ 11, ರವಿವಾರ. ಭಾರತ ಹುಣ್ಣಿಮೆ ಕಳೆದು ಎರಡೇ ದಿನವಾಗಿತ್ತು. ನಮ್ಮಲ್ಲಿ ಯಲ್ಲಮ್ಮನ ಗುಡ್ಡಕ್ಕೆ ಹೋದವರು ಊರಿಗೆ ಮರಳುವ ಹೊತ್ತು. ಅತ್ತ ಜಪಾನಿನ ಟೋಕಿಯೋ ಡೋಮ್‌ನಲ್ಲಿ ಮಧ್ಯಾಹ್ನವಾಗುತ್ತಿತ್ತು. ರಿಂಗಿನ ಒಂದು ಮೂಲೆಯಲ್ಲಿ ಮೈಕ್ ಟೈಸನ್, ಇನ್ನೊಂದರಲ್ಲಿ ಜೇಮ್ಸ್ ‘ಬಸ್ಟರ್’ ಡಗ್ಲಸ್.

ಟೈಸನ್ ಯಾರೆಂದು ಹೇಳಬೇಕಿಲ್ಲ. 20ನೇ ವಯಸ್ಸಿಗೇ ಹೆವಿವೇಟ್ ಪಟ್ಟ. 37 ಪಂದ್ಯ, 37 ಗೆಲುವು, ಅದರಲ್ಲಿ 33 ನಾಕೌಟ್. 1988ರಲ್ಲಿ ಅದುವರೆಗೆ ಸೋಲೇ ಕಾಣದಿದ್ದ ಮೈಕಲ್ ಸ್ಪಿಂಕ್ಸ್‌ನನ್ನು 91 ಸೆಕೆಂಡಿನಲ್ಲಿ ಮಲಗಿಸಿದ್ದ. ಎದುರಾಳಿಗಳು ಗಂಟೆ ಹೊಡೆಯುವ ಮೊದಲೇ ಅರ್ಧ ಸೋತಿರುತ್ತಿದ್ದರು.

ಡಗ್ಲಸ್ ಓಹಾಯೋದ ಕೊಲಂಬಸ್ ಊರಿನವನು. ತಂದೆ ಬಿಲ್ಲಿ ಡಗ್ಲಸ್ ಹೆಸರಾದ ಬಾಕ್ಸರ್. ಮಗನಿಗೆ ಮೊದಮೊದಲು ಬಾಸ್ಕೆಟ್‌ಬಾಲ್ ಮೇಲೇ ಪ್ರೀತಿ. 6 ಅಡಿ 4 ಅಂಗುಲ ಎತ್ತರ, ಅಷ್ಟು ದೊಡ್ಡ ಮೈಯಲ್ಲೂ ಹಗುರ ಹೆಜ್ಜೆ, ನೇರವಾಗಿ ಹೋಗಿ ತಾಗುವ ಎಡಗೈ. ಇಷ್ಟೆಲ್ಲ ಇದ್ದೂ ಅವನ ಹೆಸರಿನ ಜೊತೆ ಅಂಟಿಕೊಂಡ ಮಾತು ಒಂದೇ: ಕಷ್ಟ ಬಂದರೆ ಕೈಬಿಡುತ್ತಾನೆ. 1987ರ ಮೇ 30ರಂದು ಲಾಸ್ ವೇಗಾಸ್‌ನಲ್ಲಿ ಟೋನಿ ಟಕರ್ ವಿರುದ್ಧ ವಿಶ್ವ ಪಟ್ಟ ಕೈಗೆಟಕುವಂತಿತ್ತು. ಚೆನ್ನಾಗಿ ಆಡುತ್ತ ಬಂದವನು ಹತ್ತನೇ ಸುತ್ತಿನಲ್ಲಿ ಹಗ್ಗಕ್ಕೆ ಒರಗಿ ಹೊಡೆತ ತಿನ್ನುತ್ತ ನಿಂತುಬಿಟ್ಟ, ರೆಫರಿ ಪಂದ್ಯ ನಿಲ್ಲಿಸಿದ. ಟೋಕಿಯೋಗೆ ಬರುವ ಹೊತ್ತಿಗೆ ಅವನ ಲೆಕ್ಕದಲ್ಲಿ ನಾಲ್ಕು ಸೋಲು. ಲಾಸ್ ವೇಗಾಸ್‌ನ ಮಿರಾಜ್ ಕ್ಯಾಸಿನೊ ಅವನ ಗೆಲುವಿಗೆ ಇಟ್ಟ ದರ ಒಂದಕ್ಕೆ 42.

ಅವನನ್ನು ನಂಬಿದ್ದವಳು ತಾಯಿ ಲೂಲಾ ಪರ್ಲ್. ನನ್ನ ಮಗ ಟೈಸನ್‌ನನ್ನು ಸೋಲಿಸುತ್ತಾನೆ ಎಂದು ಊರವರಿಗೆಲ್ಲ ಹೇಳಿಕೊಂಡು ತಿರುಗಿದ್ದಳು. ಪಂದ್ಯಕ್ಕೆ 23 ದಿನ ಇರುವಾಗ ತೀರಿಹೋದಳು. ಪಂದ್ಯ ಮುಂದೂಡಬಹುದಿತ್ತು. ಅವನು ಮುಂದೂಡಲಿಲ್ಲ.

ಗಂಟೆ ಹೊಡೆಯಿತು. ಟೈಸನ್‌ಗಿಂತ ಡಗ್ಲಸ್‌ನ ಕೈಚಾಚು ಸುಮಾರು 12 ಅಂಗುಲ ಹೆಚ್ಚು. ಅದನ್ನು ಅವತ್ತು ಅವನು ಈಟಿಯಂತೆ ಬಳಸಿದ. ಟೈಸನ್ ತಲೆ ಬಗ್ಗಿಸಿ ಒಳನುಗ್ಗಲು ಹೊಂಚಿದಾಗಲೆಲ್ಲ ಎಡಗೈ ಮುಖಕ್ಕೆ ಬಂದು ತಡೆಯುತ್ತಿತ್ತು, ಅದರ ಬೆನ್ನಿಗೇ ಬಲಗೈ. ಒಳನುಗ್ಗಿದರೆ ಅಪ್ಪಿ ಹಿಡಿದು ಕಟ್ಟಿಹಾಕುತ್ತಿದ್ದ, ಬಿಡಿಸಿಕೊಂಡ ಕೂಡಲೇ ಮತ್ತೆ ಎಡಗೈ. ಈ ಪಂದ್ಯವನ್ನು ವಿಡಿಯೋದಲ್ಲಿ ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲವೂ ಬೆರಗಾಗುವುದು ಮೊದಲ ಮೂರು ನಿಮಿಷಕ್ಕೇ: ಅವನ ಕಣ್ಣಲ್ಲಿ ಹೆದರಿಕೆಯೇ ಇಲ್ಲ. ಐದನೇ ಸುತ್ತಿನ ಹೊತ್ತಿಗೆ ಟೈಸನ್‌ನ ಎಡಗಣ್ಣು ಬಾತುಕೊಳ್ಳತೊಡಗಿತು. ಅವನ ಕಡೆಯವರ ಬಳಿ ಬಾವು ಒತ್ತಿ ಇಳಿಸುವ ತಣ್ಣನೆಯ ಲೋಹದ ತುಂಡೂ ಇರಲಿಲ್ಲ. ರಬ್ಬರ್ ಕೈಗವಸಿಗೆ ಐಸು ನೀರು ತುಂಬಿ ಕಣ್ಣಿಗೆ ಒತ್ತುತ್ತಿದ್ದರು. ಸೋಲುವ ದಿನಕ್ಕೆ ಅವರು ತಯಾರಾಗಿಯೇ ಬಂದಿರಲಿಲ್ಲ.

ಎಂಟನೇ ಸುತ್ತು ಮುಗಿಯಲು ಕೆಲವೇ ಸೆಕೆಂಡು. ಟೈಸನ್‌ನ ಬಲಗೈ ಕೆಳಗಿನಿಂದ ಬಂದು ಗದ್ದಕ್ಕೆ ಬಡಿಯಿತು. ಡಗ್ಲಸ್ ಬೆನ್ನಡಿಯಾಗಿ ಬಿದ್ದ. ಎಲ್ಲರೂ ಕಾಯುತ್ತಿದ್ದ ಗಳಿಗೆ ಇದು. ಹಿಂದಿನ ಡಗ್ಲಸ್ ಆಗಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಬಿದ್ದವನು ಎಡ ಮುಷ್ಟಿಯಿಂದ ನೆಲ ಗುದ್ದಿದ, ತನ್ನ ಮೇಲೇ ಸಿಟ್ಟು ಬಂದವನ ಹಾಗೆ. ರೆಫರಿ ಒಂಬತ್ತು ಎನ್ನುವಾಗ ಎದ್ದು ನಿಂತ. ಗಂಟೆಯಾಯಿತು. ಇಡೀ ಪಂದ್ಯದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಆ ಗುದ್ದು. ಮನಸಿನ್ಯಾಗ ಇಲ್ಲ ಅಂದವರಿಗೆಲ್ಲ ಉತ್ತರ ಅಲ್ಲೇ ಸಿಕ್ಕಿತು.

ಒಂಬತ್ತನೇ ಸುತ್ತಿನಲ್ಲಿ ಮುಗಿಸಿಬಿಡಲು ಬಂದ ಟೈಸನ್‌ನನ್ನೇ ಅವನು ಹಗ್ಗದ ತನಕ ಅಟ್ಟಿಕೊಂಡು ಹೋಗಿ ಬಡಿದ. ಹತ್ತನೆಯದರಲ್ಲಿ ಎಡಗೈಯಿಂದ ದೂರ ಅಳೆದು, ಬಲಗೈಯನ್ನು ಕೆಳಗಿನಿಂದ ಮೇಲಕ್ಕೆ ಬೀಸಿದ. ಟೈಸನ್‌ನ ತಲೆ ಹಿಂದಕ್ಕೆ ಚಿಮ್ಮಿತು. ಅದರ ಬೆನ್ನಿಗೆ ನಾಲ್ಕು ಹೊಡೆತ. ವೃತ್ತಿ ಬಾಕ್ಸಿಂಗ್‌ನಲ್ಲಿ ಎಂದೂ ಕೆಳಗೆ ಬೀಳದಿದ್ದವನು ಬಿದ್ದ. ಮೊಣಕಾಲೂರಿ ತಡಕಾಡುತ್ತ, ಬಾಯಿಂದ ಜಾರಿದ ಹಲ್ಲುಗಾಪನ್ನು ಹುಡುಕಿ, ಅದರ ಒಂದು ತುದಿಯನ್ನಷ್ಟೇ ಬಾಯಿಗಿಟ್ಟುಕೊಂಡು ಏಳಲು ನೋಡಿದ. ರೆಫರಿ ಆಕ್ಟೇವಿಯೊ ಮೇರಾನ್ ಹತ್ತು ಎಣಿಸಿ ಅವನನ್ನು ತೋಳಲ್ಲಿ ಹಿಡಿದುಕೊಂಡ.

ಆಮೇಲೆ ತಕರಾರು ಎದ್ದಿತು. ಡಗ್ಲಸ್ ಬಿದ್ದಾಗ ರೆಫರಿ ಎಣಿಕೆ ತಡವಾಗಿ ಶುರುಮಾಡಿದ, ಗೆಲುವು ನಮ್ಮದೇ ಎಂದು ಟೈಸನ್‌ನ ಪ್ರವರ್ತಕ ಡಾನ್ ಕಿಂಗ್ ಪಟ್ಟು ಹಿಡಿದ. ಎಣಿಕೆ ತಡವಾದದ್ದು ನಿಜ. ಆದರೆ ಬಿದ್ದವನು ಕೇಳಬೇಕಾದದ್ದು ರೆಫರಿಯ ಬಾಯಿಯನ್ನು, ಗೋಡೆಯ ಗಡಿಯಾರವನ್ನಲ್ಲ. ಡಗ್ಲಸ್‌ನ ಕಣ್ಣು ರೆಫರಿಯ ಮೇಲೇ ಇತ್ತು. ಕೆಲವೇ ದಿನಗಳಲ್ಲಿ ಪಟ್ಟ ಅವನದೇ ಎಂದು ತೀರ್ಮಾನವಾಯಿತು. ಇನ್ನೊಂದು ಮಾತು ನನ್ನನ್ನು ಇಂದಿಗೂ ಕೆರಳಿಸುತ್ತದೆ: ಟೈಸನ್ ತಾಲೀಮು ಮಾಡಿರಲಿಲ್ಲ, ಅದಕ್ಕೇ ಸೋತ ಅನ್ನುವುದು. ತಾಲೀಮು ಸಾಲದಿದ್ದದ್ದು ಹೌದು. ಆದರೂ ಹತ್ತು ಸುತ್ತು ಡಗ್ಲಸ್ ತೋರಿದ ಕೈಚಳಕದ ಎದುರು ಅವತ್ತು ಯಾರಿದ್ದರೂ ನಿಲ್ಲುವುದು ಕಷ್ಟವಿತ್ತು.

ಅಂಥ ದಿನ ಮತ್ತೆ ಬರಲಿಲ್ಲ. ಅದೇ ವರ್ಷ ಅಕ್ಟೋಬರ್ 25ರಂದು ಇವಾಂಡರ್ ಹೋಲಿಫೀಲ್ಡ್ ಎದುರು ಇಳಿದಾಗ ಅವನ ತೂಕ 246 ಪೌಂಡ್, ಟೋಕಿಯೋದಲ್ಲಿ ಇದ್ದುದಕ್ಕಿಂತ 14 ಪೌಂಡಿಗೂ ಹೆಚ್ಚು. ಮೂರನೇ ಸುತ್ತಿಗೇ ಪಟ್ಟ ಹೋಯಿತು. ಮುಂದೆ ಮೈ ಇನ್ನೂ ಬೆಳೆಯಿತು. 1994ರಲ್ಲಿ ಮಧುಮೇಹದಿಂದ ಪ್ರಜ್ಞೆ ತಪ್ಪಿ ಸಾವಿನ ಬಾಗಿಲಿಗೆ ಹೋಗಿಬಂದ. ಚೇತರಿಸಿಕೊಂಡು 1996ರಲ್ಲಿ ಮತ್ತೆ ಕೈಗವಸು ತೊಟ್ಟ. ಕೊನೆಗೆ ತನ್ನೂರಿನಲ್ಲೇ ಹುಡುಗರಿಗೆ ಬಾಕ್ಸಿಂಗ್ ಕಲಿಸತೊಡಗಿದ.

ನಾನು ಆ ವಿಡಿಯೋವನ್ನು ಹತ್ತು ಎಣಿಸಿದಲ್ಲಿಗೆ ನಿಲ್ಲಿಸುವುದಿಲ್ಲ. ಅದರ ನಂತರವೂ ಒಂದೆರಡು ನಿಮಿಷ ಇದೆ. ರಿಂಗಿನ ತುಂಬ ಜನ, ನೂಕುನುಗ್ಗಲು. ಯಾರೂ ಮಾಡಲಾಗದ್ದನ್ನು ನೀನು ಹೇಗೆ ಮಾಡಿದೆ ಎಂದು ಮೈಕು ಹಿಡಿದವನು ಕೇಳುತ್ತಾನೆ. ಎಡಗೈ, ಬಲಗೈ, ತಾಲೀಮು ಎಂದು ಏನನ್ನಾದರೂ ಹೇಳಬಹುದಿತ್ತು. ಡಗ್ಲಸ್ ತಾಯಿಯ ಹೆಸರು ಎತ್ತುತ್ತಾನೆ, ಮುಂದೆ ಮಾತು ಬಾರದೆ ಅಳುತ್ತಾನೆ.