ಮೇಜಿನ ಮೇಲೊಂದು ಮೀಟರ್‌ಗೇಜು

ತಾತನ ಕಾಲದ ದಾವಣಗೆರೆ ರೈಲುನಿಲ್ದಾಣವನ್ನು ರಟ್ಟಿನಲ್ಲಿ ಕಟ್ಟಿ, ಅದರ ಮುಂದೆ ಅಂಗಡಿಯಿಂದ ತಂದ ಇಂಗ್ಲೆಂಡಿನ ಮಾದರಿ ರೈಲೊಂದನ್ನು ನಿಲ್ಲಿಸಿದ ಹುಡುಗನೊಬ್ಬನನ್ನು ಊಹಿಸಿಕೊಳ್ಳಿ. ನೋಡಿದವರೆಲ್ಲ ಮೆಚ್ಚುವರು. ಆದರೆ ಆ ಮಾರ್ಗದಲ್ಲಿ ಎಂಜಿನು ನಡೆಸಿದ ವೃದ್ಧರೊಬ್ಬರು ಬಂದರೆ ಒಂದೇ ನೋಟಕ್ಕೆ ನಕ್ಕು, “ಮಗು, ಈ ಗಾಡಿ ನಮ್ಮ ಹಳಿಯ ಮೇಲೆ ನಿಲ್ಲುವುದೇ ಇಲ್ಲವಲ್ಲ!” ಎಂದಾರು. ಅವರ ಮಾತು ನಿಜ. ಇಂಗ್ಲೆಂಡಿನ ಮುಖ್ಯ ಮಾರ್ಗಗಳಲ್ಲಿ ಹಳಿಗಳ ನಡುವಣ ಅಂತರ 1435 ಮಿಲಿಮೀಟರು. ಅಂದಿನ ದಾವಣಗೆರೆಯಲ್ಲಿ ಅದು 1000 ಮಿಲಿಮೀಟರು ಮಾತ್ರ. ಇಂಗ್ಲೆಂಡಿನ ಬಂಡಿಯ ತುದಿಯಲ್ಲಿ ಎಡಕ್ಕೊಂದು ಬಲಕ್ಕೊಂದು ಬಫರು ಉಂಟು. ನಮ್ಮ ಮೀಟರ್‌ಗೇಜು ಬಂಡಿಗೆ ನಡುವೆ ಒಂದೇ ಬಫರು, ಕೊಂಡಿಯೂ ಅದರೊಡನೆಯೇ ಕೂಡಿಕೊಂಡಿರುತ್ತಿತ್ತು.

ರೈಲಿನ ಪ್ರತಿಕೃತಿಯನ್ನು ಮಾಡುವುದು ಜಗತ್ತಿನ ಅನೇಕ ದೇಶಗಳಲ್ಲಿ ಹಿರಿಯರೂ ಕಿರಿಯರೂ ಕೈಕೊಂಡಿರುವ ಹವ್ಯಾಸ. ಅದರಲ್ಲಿ ಕೈಚಳಕಕ್ಕಿಂತ ಮೊದಲು ಬೇಕಾದುದು ಸಂಶೋಧನೆ. ಪ್ರತಿಕೃತಿಯ ಒಂದೊಂದು ಗಾಲಿಯೂ ಒಂದೊಂದು ಬಣ್ಣವೂ “ಇದು ಹೀಗಿತ್ತು” ಎಂಬ ಹೇಳಿಕೆಯೇ ಆಗಿದೆ. ಹೇಳಿಕೆಗೆ ಆಧಾರ ಬೇಡವೆ?

ಮೊದಲ ಪ್ರಶ್ನೆ: ಯಾವ ವರ್ಷ?

“ಹಳೆಯ ಕಾಲದ ರೈಲು” ಎಂದರೆ ಸಾಲದು. ದಾವಣಗೆರೆ-ಹರಿಹರ ಮಾರ್ಗದ ಚರಿತ್ರೆಯನ್ನೇ ನೋಡಿರಿ. ಬೆಂಗಳೂರಿನಿಂದ ತುಮಕೂರಿಗೆ ಮೀಟರ್‌ಗೇಜು ಹಳಿ ಬಂದುದು 1884ರಲ್ಲಿ. ಮುಂದೆ 1886ರಲ್ಲಿ ಮೈಸೂರು ಸಂಸ್ಥಾನವು ತನ್ನ ರೈಲುಮಾರ್ಗವನ್ನು ಸದರ್ನ್ ಮರಾಠಾ ರೈಲ್ವೆ ಕಂಪನಿಗೆ ವಹಿಸಿತು. 1889ರಲ್ಲಿ ಹಳಿ ಹರಿಹರವನ್ನು ಮುಟ್ಟಿತು. ತುಂಗಭದ್ರೆಯೇ ಎಲ್ಲೆ, ನದಿಯ ಈಚೆ ಮೈಸೂರು ಸಂಸ್ಥಾನ, ಆಚೆ ಮುಂಬಯಿ ಪ್ರಾಂತ. 1908ರಲ್ಲಿ ಆ ಕಂಪನಿಯು ಮದ್ರಾಸ್ ರೈಲ್ವೆಯೊಡನೆ ಕೂಡಿ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ ಎನಿಸಿತು. 1938ರಲ್ಲಿ ಬೆಂಗಳೂರು-ಹರಿಹರ ಮಾರ್ಗದ ಆಡಳಿತವನ್ನು ಮೈಸೂರು ಸರ್ಕಾರವು ತಾನೇ ವಹಿಸಿಕೊಂಡಿತು. 1951ರ ಏಪ್ರಿಲ್ 14ರಂದು ಇವೆಲ್ಲವೂ ದಕ್ಷಿಣ ರೈಲ್ವೆಯಲ್ಲಿ ಸೇರಿದವು. 1990ರ ದಶಕದಲ್ಲಿ ಮೀಟರ್‌ಗೇಜು ಹೋಗಿ 1676 ಮಿಲಿಮೀಟರಿನ ಬ್ರಾಡ್‌ಗೇಜು ಬಂದಿತು. 2003ರಿಂದ ಈ ಮಾರ್ಗ ನೈಋತ್ಯ ರೈಲ್ವೆಯಲ್ಲಿದೆ.

ಹೀಗಿರುವಲ್ಲಿ 1937ರ ದಾವಣಗೆರೆ ಬೇರೆ, 1939ರ ದಾವಣಗೆರೆ ಬೇರೆ. ಹಳಿಯೂ ಕಟ್ಟಡವೂ ಹಾಗೆಯೇ ಇದ್ದರೂ ಆಡಳಿತ ಬದಲಾಗಿತ್ತು. ಆದುದರಿಂದ ಹುಡುಕಬೇಕಾದ ಕಡತಗಳೂ ಬಂಡಿಗಳ ಪಟ್ಟಿಗಳೂ ಬದಲಾಗುತ್ತವೆ. ವರ್ಷವನ್ನು ನಿಶ್ಚಯಿಸಿದ ಮೇಲೆಯೇ ಉಳಿದ ಕೆಲಸ.

ಒಂದು ಮೀಟರು ಎಂಬ ಅಳತೆ ಎಲ್ಲಿಂದ ಬಂದಿತೆಂಬುದೂ ಸ್ವಾರಸ್ಯದ ವಿಷಯ. ಅಡಿ-ಅಂಗುಲಗಳ ಕಾಲದಲ್ಲಿ, 1870ರ ಸುಮಾರಿಗೆ, ವೈಸ್‌ರಾಯ್ ಲಾರ್ಡ್ ಮೇಯೊನ ಸರ್ಕಾರವು ಖರ್ಚು ಕಡಮೆಯ ಕಿರಿದಾದ ಹಳಿಯನ್ನು ಆರಿಸಿಕೊಂಡಿತು. ಆಗ ಭಾರತಕ್ಕೆ ಮೆಟ್ರಿಕ್ ಪದ್ಧತಿಯನ್ನು ತರುವ ಆಲೋಚನೆಯೂ ಇದ್ದುದರಿಂದ 3 ಅಡಿ 3⅜ ಅಂಗುಲದ ಈ ಅಳತೆ ನಿಂತಿತು. ಆ ಪದ್ಧತಿ ನಮ್ಮ ಪೇಟೆಗೆ ಬರಲು ಇನ್ನೂ ಸುಮಾರು ಒಂಬತ್ತು ದಶಕಗಳು ಬೇಕಾದವು. ಹಳಿ ಮಾತ್ರ ಮೊದಲೇ ಬಂದಿತ್ತು!

ಆಧಾರಗಳು ಎಲ್ಲಿ?

ಮೈಸೂರು ಸಂಸ್ಥಾನದ ವಾರ್ಷಿಕ ಆಡಳಿತ ವರದಿಗಳಲ್ಲಿ ರೈಲ್ವೆಗೆಂದೇ ಒಂದು ಭಾಗವಿರುತ್ತಿತ್ತು. ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ ಸಂಸ್ಥಾನದ ಕಡತಗಳಿವೆ. ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಇಂಡಿಯಾ ಆಫೀಸಿನ ದಾಖಲೆಗಳಿವೆ. ಬ್ರಿಟಿಷರ ಕಾಲದ ಎಂಜಿನುಗಳಲ್ಲಿ ಬಹುಪಾಲು ಗ್ಲಾಸ್ಗೊ, ಮ್ಯಾಂಚೆಸ್ಟರ್ ಮೊದಲಾದ ಊರುಗಳ ಕಾರ್ಖಾನೆಗಳಲ್ಲಿ ತಯಾರಾದುದರಿಂದ ಅವುಗಳ ನಕ್ಷೆಗಳನ್ನು ಬ್ರಿಟನ್ನಿನಲ್ಲಿಯೇ ಹುಡುಕಬೇಕು. ಗ್ಲಾಸ್ಗೊ, ಮ್ಯಾಂಚೆಸ್ಟರ್, ಯಾರ್ಕ್ ನಗರಗಳ ಸಂಗ್ರಹಾಲಯಗಳಲ್ಲಿ ಇಂಥವು ಉಳಿದಿವೆ. ಕಣ್ಣಾರೆ ನೋಡಿ ಅಳೆಯಬೇಕೆಂಬವರಿಗೆ 1979ರಲ್ಲಿ ತೆರೆದ ಮೈಸೂರಿನ ರೈಲ್ವೆ ವಸ್ತುಸಂಗ್ರಹಾಲಯವಿದೆ. 2020ರಲ್ಲಿ ತೆರೆದ ಹುಬ್ಬಳ್ಳಿಯದೂ ಇದೆ.

ಗಾಡಿಗಳ ಸಂಚಾರವನ್ನು ತಿಳಿಯಲು ವೇಳಾಪಟ್ಟಿಗಳೇ ಗತಿ. ಕಲ್ಕತ್ತೆಯಿಂದ ಹೊರಡುತ್ತಿದ್ದ ನ್ಯೂಮನ್ನರ ಇಂಡಿಯನ್ ಬ್ರಾಡ್‌ಷಾದಲ್ಲಿ ದೇಶದ ಪ್ರಯಾಣಿಕರ ಗಾಡಿಗಳ ಸಮಯಗಳಿರುತ್ತಿದ್ದವು. ಆದರೆ ಅದರಲ್ಲಿ ಸರಕುಗಾಡಿ ಸಿಕ್ಕದು. ಅದಕ್ಕೆ ರೈಲ್ವೆ ನೌಕರರ ಕೈಪಿಡಿಯಾದ ಆಂತರಿಕ ವೇಳಾಪಟ್ಟಿಯೇ ಬೇಕು. ಹತ್ತಿಯ ಪೇಟೆಯಾಗಿ ಬೆಳೆದ ದಾವಣಗೆರೆಯ ಪ್ರತಿಕೃತಿಯಲ್ಲಿ ಸರಕು ಬಂಡಿಗಳಿಲ್ಲದಿದ್ದರೆ ಊರಿನ ಅರ್ಧ ಜೀವನವನ್ನೇ ಬಿಟ್ಟಂತೆ.

ವೇಳಾಪಟ್ಟಿಯನ್ನು ಪರೀಕ್ಷಿಸುವುದಕ್ಕೆ ನೀವು ಶಾಲೆಯಲ್ಲಿ ಕಲಿತ ರೇಖಾಚಿತ್ರ ಸಾಕು. ಅಡ್ಡಗೆರೆಯ ಮೇಲೆ ಕಾಲ, ನೆಟ್ಟಗೆರೆಯ ಮೇಲೆ ದೂರ. ದಾವಣಗೆರೆಯಿಂದ ಹರಿಹರಕ್ಕೆ ಸುಮಾರು 14 ಕಿಲೋಮೀಟರು. ಗಂಟೆಗೆ 42 ಕಿಲೋಮೀಟರು ವೇಗದ ಗಾಡಿಯೊಂದು 8 ಗಂಟೆಗೆ ದಾವಣಗೆರೆ ಬಿಟ್ಟರೆ 8-20ಕ್ಕೆ ಹರಿಹರ ಸೇರಬೇಕು. 8-05ಕ್ಕೆ ಹರಿಹರದಿಂದ ಇನ್ನೊಂದು ಗಾಡಿ ಹೊರಟಿತೆಂದು ಬರೆದಿದ್ದರೆ ಎರಡು ಗೆರೆಗಳೂ ನಡುದಾರಿಯಲ್ಲಿ ಒಂದನ್ನೊಂದು ಕತ್ತರಿಸುತ್ತವೆ. ಒಂಟಿ ಹಳಿಯ ಮಾರ್ಗದಲ್ಲಿ ಹಾಗಾದರೆ ಅಪಘಾತವೇ ಸರಿ! ಗೆರೆಗಳು ಕೂಡುವಲ್ಲಿ ಗಾಡಿಗಳು ದಾಟಿಕೊಳ್ಳುವ ನಿಲ್ದಾಣವಿರಬೇಕು. ಇಲ್ಲವಾದರೆ ನಾವು ಬೇರೆ ಬೇರೆ ವರ್ಷಗಳ ಎರಡು ಪಟ್ಟಿಗಳನ್ನು ಬೆರೆಸಿದ್ದೇವೆ ಎಂದರ್ಥ.

ಭಾವಚಿತ್ರ ಹೇಳುವುದೂ ಹೇಳದಿರುವುದೂ

ಹಳೆಯ ಭಾವಚಿತ್ರ ಸಿಕ್ಕಿದರೆ ಅದು ಅರ್ಧ ನಕ್ಷೆಯೇ. ಉದಾಹರಣೆಗೆ ವೈ.ಪಿ. ವರ್ಗದ ಉಗಿಯ ಎಂಜಿನನ್ನು ತೆಗೆದುಕೊಳ್ಳಿ. ಮುಂದೆ 4, ನಡುವೆ ಎಳೆಯುವ 6, ಹಿಂದೆ 2 ಗಾಲಿಗಳು. ಇದನ್ನು 4-6-2 ಎಂದು ಬರೆಯುವುದು ರೂಢಿ. ಎಳೆಯುವ ಗಾಲಿಯ ವ್ಯಾಸ 1372 ಮಿಲಿಮೀಟರು. ಪಕ್ಕದಿಂದ ನೇರವಾಗಿ ತೆಗೆದ ಚಿತ್ರದಲ್ಲಿ ಆ ಗಾಲಿ 14 ಮಿಲಿಮೀಟರು ಇದ್ದರೆ, ಚಿತ್ರದ 1 ಮಿಲಿಮೀಟರು ನಿಜವಾದ 98 ಮಿಲಿಮೀಟರಿಗೆ ಸಮ. ಚಿತ್ರದಲ್ಲಿ 10 ಮಿಲಿಮೀಟರು ಕಾಣುವ ಕಿಟಕಿ ನಿಜವಾಗಿ 980 ಮಿಲಿಮೀಟರು. ಓರೆಯಾಗಿ ತೆಗೆದ ಚಿತ್ರಕ್ಕೆ ಈ ಲೆಕ್ಕ ಹೊಂದದು. ದೂರದ ಭಾಗಗಳು ಕಿರಿದಾಗಿ ಕಾಣುವುದರಿಂದ ಅಳತೆ ಮೋಸಮಾಡುತ್ತದೆ.

ಎಂಜಿನೇ ಕಾಲವನ್ನೂ ಸೂಚಿಸುತ್ತದೆ. ವೈ.ಪಿ. ಎಂಜಿನುಗಳು ತಯಾರಾದುದು 1949ರಿಂದ 1970ರವರೆಗೆ, ಒಟ್ಟು 871. ಹಾಗಾಗಿ 1939ರ ದಾವಣಗೆರೆಯಲ್ಲಿ ಅದನ್ನು ನಿಲ್ಲಿಸುವಂತಿಲ್ಲ. ಡಬ್ಬಿಯ ಮೇಲೆ “ಮೂರನೆಯ ತರಗತಿ” ಎಂದಿದ್ದರೆ ಆ ಚಿತ್ರ 1974ಕ್ಕಿಂತ ಈಚಿನದಾಗಿರಲಾರದು. ಆ ತರಗತಿ ಅಂದೇ ರದ್ದಾಯಿತು.

ಬಣ್ಣದ ವಿಚಾರದಲ್ಲಿ ಮಾತ್ರ ಕಪ್ಪು-ಬಿಳುಪು ಚಿತ್ರವನ್ನು ಸುಲಭವಾಗಿ ನಂಬಬಾರದು. ಹಿಂದೆ ಬಹಳವಾಗಿ ಬಳಸುತ್ತಿದ್ದ ಆರ್ಥೊಕ್ರೊಮ್ಯಾಟಿಕ್ ಫಲಕಗಳಿಗೆ ನೀಲಿ, ಹಸಿರು ಬೆಳಕು ತಾಗುತ್ತಿತ್ತು, ಕೆಂಪು ತಾಗುತ್ತಿರಲಿಲ್ಲ. ಅದರಿಂದ ಕೆಂಪು ಡಬ್ಬಿ ಚಿತ್ರದಲ್ಲಿ ಕಪ್ಪಾಗಿಯೂ ನೀಲಿಯದು ಬೆಳ್ಳಗೂ ಕಾಣುತ್ತದೆ. “ಚಿತ್ರದಲ್ಲಿ ಕಪ್ಪಿದೆ, ಕಪ್ಪು ಬಳಿದೆ” ಎನ್ನುವವನು ರಸಾಯನಶಾಸ್ತ್ರಕ್ಕೆ ಮೋಸಹೋದವನು.

ಅಳತೆಯ ಒಗಟು

ಈಗ ಕುಗ್ಗಿಸುವ ಪ್ರಮಾಣ. ಜಗತ್ತಿನಲ್ಲಿ ಹೆಚ್ಚು ರೂಢಿಯಲ್ಲಿರುವ ಎಚ್.ಒ. ಪ್ರಮಾಣ 87ರಲ್ಲಿ 1 ಪಾಲು. 1435ನ್ನು 87ರಿಂದ ಭಾಗಿಸಿದರೆ ಸುಮಾರು 16.5 ಮಿಲಿಮೀಟರು, ಅದೇ ಆ ಮಾದರಿಯ ಹಳಿ. ಆದರೆ ಬ್ರಿಟನ್ನಿನ ಎಂಜಿನುಗಳು ಗಾತ್ರದಲ್ಲಿ ಸಣ್ಣವಾಗಿದ್ದು, ಆ ಪ್ರಮಾಣದಲ್ಲಿ ಅವುಗಳೊಳಗೆ ಅಂದಿನ ಮೋಟಾರು ಹಿಡಿಯುತ್ತಿರಲಿಲ್ಲ. ಅಲ್ಲಿನವರು ಎಂಜಿನನ್ನು ಮಾತ್ರ ಸುಮಾರು 76ರಲ್ಲಿ 1 ಪಾಲಿಗೆ ಹಿಗ್ಗಿಸಿ, ಹಳಿಯನ್ನು 16.5ರಲ್ಲಿಯೇ ಉಳಿಸಿದರು. ಇದೇ ಒ.ಒ. ಮಾದರಿ. ಅದರಲ್ಲಿ ಹಳಿ ಇರಬೇಕಾದುದಕ್ಕಿಂತ ನೂರಕ್ಕೆ ಸುಮಾರು 12ರಷ್ಟು ಕಿರಿದು!

ನಮ್ಮ ಮೀಟರ್‌ಗೇಜಿಗೆ ಎಚ್.ಒ. ಪ್ರಮಾಣದಲ್ಲಿ 1000 ಭಾಗಿಸು 87, ಅಂದರೆ ಸುಮಾರು 11.5 ಮಿಲಿಮೀಟರು ಹಳಿ ಬೇಕು. ಮಾರಾಟಕ್ಕೆ 12 ಮಿಲಿಮೀಟರಿನದು ದೊರೆಯುತ್ತದೆ. ತಪ್ಪು ಅರ್ಧ ಮಿಲಿಮೀಟರು. ದಾವಣಗೆರೆಯಿಂದ ಹರಿಹರದವರೆಗಿನ ದಾರಿಯೋ ಇದೇ ಪ್ರಮಾಣದಲ್ಲಿ 160 ಮೀಟರಾಗುತ್ತದೆ. ಅಷ್ಟುದ್ದದ ಕೋಣೆ ಯಾರಲ್ಲಿದೆ? ಆದಕಾರಣ ದಾರಿಯನ್ನು ಮೊಟಕುಮಾಡಬೇಕು. ವೇಗವನ್ನೂ ಕುಗ್ಗಿಸಬೇಕು: ಗಂಟೆಗೆ 60 ಕಿಲೋಮೀಟರು ಎಂಬುದು ಮೇಜಿನ ಮೇಲೆ ಸೆಕೆಂಡಿಗೆ 19 ಸೆಂಟಿಮೀಟರು ಮಾತ್ರ.

ಮೊಟಕುಮಾಡುವುದೂ ಹೊಂದಿಸುವುದೂ ತಪ್ಪಲ್ಲ; ಮಾಡಿದುದನ್ನು ಮುಚ್ಚಿಡುವುದು ತಪ್ಪು. ಅದಕ್ಕಾಗಿ ಪ್ರತಿಕೃತಿಯೊಡನೆ ಒಂದು ಹಾಳೆಯನ್ನು ಇಡಿರಿ. ಅದರಲ್ಲಿ ಮೂರು ಸಾಲುಗಳಿರಲಿ: ದಾಖಲೆಯಿಂದ ತಿಳಿದುದು, ಲೆಕ್ಕದಿಂದ ತಿಳಿದುದು, ಊಹಿಸಿದುದು. ವಿಜ್ಞಾನಿಯು ಪ್ರಯೋಗದ ವರದಿಯಲ್ಲಿ ಮಾಡುವುದೂ ಇದನ್ನೇ.

ಕೊನೆಯದಾಗಿ, ಎಲ್ಲ ದಾಖಲೆಗಳಿಗಿಂತ ಬೇಗ ಕಳೆದುಹೋಗುವ ದಾಖಲೆಯೊಂದುಂಟು: ಮನುಷ್ಯರ ನೆನಪು. 1990ರ ದಶಕದವರೆಗೆ ಇಲ್ಲಿ ಮೀಟರ್‌ಗೇಜಿನ ಮೇಲೆ ದುಡಿದ ಎಂಜಿನು ಚಾಲಕರು, ಗಾರ್ಡುಗಳು, ಪಾಯಿಂಟ್ಸ್‌ಮನ್ನರು ಈಗ ವೃದ್ಧರು. ಹರಿಹರದಲ್ಲಿ 1941ರಲ್ಲಿ ಆರಂಭವಾಗಿ ಲೇತು ಯಂತ್ರಗಳಿಗೆ ಹೆಸರಾಗಿದ್ದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಮುಚ್ಚಿದೆ. ಆದರೆ ಲೋಹವನ್ನು ಕಡೆಯಬಲ್ಲ ಹಳೆಯ ಕೈಗಳು ಊರಿನಲ್ಲಿ ಸಿಕ್ಕಾವು. ಅವರಲ್ಲಿ ಹೋಗಿ ಕೇಳಿರಿ. ಸರಕು ಬಂಡಿಗಳು ಯಾವ ಹಳಿಯಲ್ಲಿ ನಿಲ್ಲುತ್ತಿದ್ದವು? ನೀರಿನ ತೊಟ್ಟಿ ಎಲ್ಲಿತ್ತು? ಕೇಳಿದ ದಿನಾಂಕದೊಡನೆ ಉತ್ತರವನ್ನು ಬರೆದಿಟ್ಟುಕೊಳ್ಳಿ; ಆಮೇಲೆ ಕಡತದೊಡನೆ ಹೋಲಿಸಿ ನೋಡಿ. ಪ್ರತಿಕೃತಿ ಮುಗಿದ ದಿನ ಅವರಲ್ಲೊಬ್ಬರನ್ನು ಕರೆದು ತೋರಿಸಿ. ಅವರು ತಪ್ಪೊಂದನ್ನು ಎತ್ತಿ ತೋರಿದರೆ ಬೇಸರಪಡದೆ ಅದನ್ನೂ ಹಾಳೆಯಲ್ಲಿ ಬರೆದುಕೊಳ್ಳಿ.