ಎರೆಭೂಮಿಯಲ್ಲಿ ಕಟ್ಟಡಗಳಿಗೆ ತಿರುಪುಗಂಬದ ಅಸ್ತಿಭಾರ

ಎರೆಭೂಮಿಯು ಹತ್ತಿಗೂ ಜೋಳಕ್ಕೂ ಎಷ್ಟು ಹಿತವಾದುದೋ ಕಟ್ಟಡಗಳಿಗೆ ಅಷ್ಟೇ ಅಹಿತವಾದುದೆಂಬುದು ವಿಜಯಪುರ, ಗದಗ, ರಾಯಚೂರು ಮೊದಲಾದ ಸೀಮೆಗಳ ಭೂಮಾಲೀಕರಿಗೆ ತಿಳಿದ ವಿಷಯವೇ ಸರಿ. ಈ ಮಣ್ಣು ಮಳೆಗಾಲದಲ್ಲಿ ನೀರನ್ನು ಹೀರಿ ಉಬ್ಬುತ್ತದೆ. ಬೇಸಗೆಯಲ್ಲಿ ಒಣಗಿ, ಕುಗ್ಗಿ, ಬಿರಿಯುತ್ತದೆ. ಮೇಲ್ಮಟ್ಟದಲ್ಲಿ ಹಾಕಿದ ಅಸ್ತಿಭಾರವು ಮಣ್ಣಿನೊಡನೆಯೇ ಏರಿಳಿಯುವುದರಿಂದ ಗೋಡೆಗಳು ಸೀಳುತ್ತವೆ. ಉಗ್ರಾಣದ ನೆಲವೊಡೆದು ತೇವವೂ ಇಲಿಗಳೂ ಒಳಸೇರಿ, ವರ್ಷದ ಧಾನ್ಯವು ಕೆಡುತ್ತದೆ. ಗೋಡೆಯನ್ನು ಎಷ್ಟು ದಪ್ಪವಾಗಿ ಕಟ್ಟಿದರೂ ಈ ದೋಷವು ಪರಿಹಾರವಾಗದು. ಕಟ್ಟಡದ ಭಾರವನ್ನು ಕೆಳಗಿನ ನಿಶ್ಚಲವಾದ ಮಣ್ಣಿಗೆ ಮುಟ್ಟಿಸುವುದೇ ತಕ್ಕ ಉಪಾಯವು.

ಇದಕ್ಕೆ ಒದಗುವ ಸಾಧನಗಳಲ್ಲಿ ತಿರುಪುಗಂಬವೂ ಒಂದು. ಇಂಜಿನಿಯರುಗಳು ಇದನ್ನು ಹೆಲಿಕಲ್ ಪೈಲ್ ಎಂದು ಕರೆಯುವರು. ಉಕ್ಕಿನ ಕಂಬದ ಕೆಳಭಾಗದಲ್ಲಿ ತಿರುಪಿನಂತೆ ಸುತ್ತಿದ ಒಂದೆರಡು ಅಗಲವಾದ ತಟ್ಟೆಗಳಿರುತ್ತವೆ. ಯಂತ್ರದಿಂದ ತಿರುಗಿಸಿದರೆ, ತಿರುಪುಮೊಳೆಯು ಮರದೊಳಕ್ಕೆ ಇಳಿಯುವಂತೆ, ಕಂಬವು ನೆಲದೊಳಕ್ಕೆ ಇಳಿಯುತ್ತದೆ.

ಯೌವನದಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡಿದ್ದ ಐರ್ಲೆಂಡಿನ ಅಲೆಕ್ಸಾಂಡರ್ ಮಿಚೆಲ್ ಎಂಬವರು 1833ರಲ್ಲಿ ಇದಕ್ಕೆ ಹಕ್ಕುಪತ್ರವನ್ನು ಪಡೆದರು. ಥೇಮ್ಸ್ ನದಿಯ ಮುಖದಲ್ಲಿರುವ ಮ್ಯಾಪ್ಲಿನ್ ಮರಳುದಿಣ್ಣೆಯಲ್ಲಿ 1838ರಲ್ಲಿ ಇಂತಹ 9 ಕಂಬಗಳನ್ನು ಇಳಿಸಲಾಯಿತು; ಅವುಗಳ ಮೇಲೆ ನಿಲ್ಲಿಸಿದ ದೀಪಸ್ತಂಭವು 1841ರಲ್ಲಿ ಬೆಳಗಿತು. ಕಲ್ಲಿನ ಕಟ್ಟಡವು ನಿಲ್ಲಲಾರದ ಮರಳಿನಲ್ಲಿ ಕಬ್ಬಿಣದ ತಿರುಪು ನಿಂತಿತು.

ಇದರಿಂದಾಗುವ ಪ್ರಯೋಜನಗಳು ಹೀಗಿವೆ:

1. ಪಾಯವನ್ನು ಅಗೆಯಬೇಕಾಗಿಲ್ಲ, ಆದಕಾರಣ ನೀರು ಒಸರುವ ತಗ್ಗುಭೂಮಿಯಲ್ಲಿಯೂ ನೀರೆತ್ತುವ ಖರ್ಚಿಲ್ಲ.

2. ಕಾಂಕ್ರೀಟಿನಂತೆ ಬಲಿಯುವವರೆಗೆ ಕಾಯದೆ ಕೂಡಲೇ ಭಾರವನ್ನು ಹೊರಿಸಬಹುದು.

3. ಕಂಬವು ಸಣ್ಣದಾದುದರಿಂದ ಉಬ್ಬುವ ಮಣ್ಣಿಗೆ ಅದನ್ನು ಹಿಡಿದೆತ್ತಲು ಆಸರೆ ಕಡಿಮೆ. ಆಳದಲ್ಲಿರುವ ತಟ್ಟೆಯಾದರೋ ಅದನ್ನು ಮೇಲೇಳಗೊಡದೆ ಹಿಡಿಯುತ್ತದೆ.

4. ತಿರುಗಿಸಲು ಬೇಕಾಗುವ ಬಲವನ್ನು ಅಳೆಯುವುದರಿಂದ ಕೆಳಗಿನ ಮಣ್ಣಿನ ಗಟ್ಟಿತನವನ್ನು ಅಂದಾಜು ಮಾಡಬಹುದು.

ಆದರೆ ತಟ್ಟೆಯು ಮಣ್ಣು ಉಬ್ಬಿ ಕುಗ್ಗುವ ಪದರವನ್ನು ದಾಟಿರಬೇಕು. ಆಳವಾದ ಎರೆಭೂಮಿಯಲ್ಲಿ ಈ ಪದರವು ಸುಮಾರು 3.5 ಮೀಟರುಗಳವರೆಗೂ ಇರುವುದುಂಟು. ಕಂಬಗಳ ಮೇಲಿನ ತೊಲೆಯನ್ನು ನೆಲಕ್ಕೆ ತಗುಲಿಸದೆ ಸುಮಾರು 8 ಸೆಂಟಿಮೀಟರು ಎಡೆಯನ್ನು ಬಿಡತಕ್ಕದ್ದು. ಇಲ್ಲವಾದರೆ ಉಬ್ಬಿದ ಮಣ್ಣು ತೊಲೆಯನ್ನೇ ಎತ್ತುವುದು.

ಇದು ಎಲ್ಲ ನೆಲಕ್ಕೂ ಒಗ್ಗುವುದೆಂದು ಭಾವಿಸಲಾಗದು. ಬಂಡೆಯಲ್ಲಿಯೂ ಗುಂಡುಕಲ್ಲುಗಳ ನಡುವೆಯೂ ತಟ್ಟೆಯು ಇಳಿಯದು. ತುಕ್ಕು ತಿನ್ನದಂತೆ ಉಕ್ಕಿಗೆ ಸತುವಿನ ಲೇಪವಿರಬೇಕು. ಬಾವಿಯಂತೆ ಕೊರೆದ ಕುಳಿಯು ಕುಸಿಯದೆ ಒಣಗಿ ನಿಲ್ಲುವ ಕಡೆಯಲ್ಲಿ, ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯವರು ರೂಢಿಗೆ ತಂದ, ಬುಡವನ್ನು ಅಗಲಿಸಿದ ಕಾಂಕ್ರೀಟು ಕಂಬಗಳೂ ಇದೇ ಕೆಲಸವನ್ನು ಮಾಡುವುವು. ಎರಡರ ವೆಚ್ಚವನ್ನೂ ವಿಚಾರಿಸಿ ಆರಿಸಿಕೊಳ್ಳುವುದು ಲೇಸು.

ಆದುದರಿಂದ ಗ್ರಾಮದ ಮುಖಂಡರೂ ಭೂಮಾಲೀಕರೂ ಉಗ್ರಾಣವನ್ನಾಗಲಿ ಶಾಲೆಯನ್ನಾಗಲಿ ಕಟ್ಟಿಸುವ ಮುನ್ನ ನಿವೇಶನದ ಮಣ್ಣನ್ನು ಆಳದವರೆಗೆ ಕೊರೆದು ಪರೀಕ್ಷೆ ಮಾಡಿಸಿ, ಬಲ್ಲ ಇಂಜಿನಿಯರರಿಂದ ಕಂಬಗಳ ಆಳವನ್ನೂ ಸಂಖ್ಯೆಯನ್ನೂ ನಿಶ್ಚಯಿಸಿಕೊಳ್ಳಬೇಕು. ಬಿರಿದ ಗೋಡೆಗೆ ವರ್ಷವರ್ಷವೂ ಗಾರೆ ಮೆತ್ತುವ ಹಣವನ್ನು ಮೊದಲೇ ಅಸ್ತಿಭಾರಕ್ಕೆ ಹಾಕಿದರೆ ಮನೆಯೂ ಉಳಿಯುವುದು, ಧಾನ್ಯವೂ ಉಳಿಯುವುದು.